ಹೂವಿನ ದರ್ಶನ

ವೈಶಾಖ ಮಾಸದ ಒಂದು ಮುಂಜಾವು. ಸೂರ್ಯನು ಗೋಳಗುಮ್ಮಟದ ಹಿಂದಿನಿಂದ ಆಗತಾನೇ ಮೇಲೇರುತ್ತಿದ್ದಾನೆ. ಹಗಲೇರಿದಂತೆ 40 ಡಿಗ್ರಿಯನ್ನು ಮುಟ್ಟುವ ಬಿಸಿಲು ಇನ್ನೂ ತನ್ನ ಉಗ್ರರೂಪವನ್ನು ತಾಳಿಲ್ಲ. ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಿ ಹೂವಿನ ವ್ಯಾಪಾರ ಮೊದಲಾಗಿದೆ. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳಲ್ಲಿ ಮಲ್ಲಿಗೆಯ ದಂಡೆಗಳು ಸುರುಳಿಗೊಂಡು ಮಲಗಿವೆ. ಚೆಂಡು ಹೂ, ಸುಗಂಧರಾಜ, ಗುಲಾಬಿ, ಬಿಲ್ವಪತ್ರೆ ತಮ್ಮ ತಮ್ಮ ರಾಶಿಗಳಲ್ಲಿ ಕುಳಿತಿವೆ. ಕೊಳ್ಳುವವರು ಮೊಳವೆಷ್ಟೆಂದು ಕೇಳುತ್ತಾರೆ. ಮಾರುವವರು ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆಯನ್ನು ಎಳೆದು ಅಳೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಆ ಹೂವುಗಳಲ್ಲಿ ಕೆಲವು ಸಮೀಪದ ಸಿದ್ಧೇಶ್ವರ ಗುಡಿಯನ್ನು ಸೇರುತ್ತವೆ. ಕೆಲವು ಹೆಣ್ಣುಮಕ್ಕಳ ಮುಡಿಯನ್ನೇರುತ್ತವೆ. ಕೆಲವು ಅಂಗಡಿಗಳಲ್ಲಿ ತೂಗುಹಾಕಿದ ದೇವರ ಪಟಗಳಿಗೆ ಅಲಂಕಾರವಾಗುತ್ತವೆ. ಸಂಜೆಯ ವೇಳೆಗೆ ಅವೆಲ್ಲವೂ ಬಾಡಿ ನಿರ್ಮಾಲ್ಯವಾಗುತ್ತವೆ. ಮರುದಿನ ಮತ್ತೆ ಹೊಸ ಬುಟ್ಟಿ, ಹೊಸ ಮಾಲೆ.

ಹೂವನ್ನು ಇಷ್ಟೊಂದು ಆದರಿಸುವ ಜನ ಲೋಕದಲ್ಲಿ ವಿರಳವೆಂದೇ ಹೇಳಬೇಕು. ಮಗುವಿನ ತೊಟ್ಟಿಲಿಗೆ ಹೂ, ಮದುವೆಯ ಚಪ್ಪರಕ್ಕೆ ಹೂ, ಹೊಸ ಎತ್ತಿನ ಕೊಂಬಿಗೆ ಹೂ, ಕಡೆಯ ಯಾತ್ರೆಗೂ ಹೂ. ಆದರೆ ಈ ಆದರದಲ್ಲಿ ಒಂದು ಕೊರತೆಯೂ ಉಂಟು. ಇಲ್ಲಿ ಹೂವು ಮನುಷ್ಯನ ಬಳಿಗೆ ಬರುತ್ತದೆಯೇ ಹೊರತು, ಮನುಷ್ಯನು ಹೂವಿನ ಬಳಿಗೆ ಹೋಗುವುದು ಅಪರೂಪ. ದಿನವೂ ಒಂದು ಮೊಳ ಮಲ್ಲಿಗೆಯನ್ನು ಕೊಳ್ಳುವ ಮನೆಯವರಲ್ಲಿ, ಮಲ್ಲಿಗೆಯ ಮೊಗ್ಗು ಬಳ್ಳಿಯ ಮೇಲೆ ಬಿರಿಯುವುದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು? ದೇವರಿಗೆ ಹೂವನ್ನು ಅರ್ಪಿಸುವುದು ಪೂಜೆಯೆಂದು ಎಲ್ಲರೂ ಬಲ್ಲರು. ಹೂವನ್ನು ಅದು ಅರಳಿದ ತಾಣದಲ್ಲಿಯೇ ನಿಂತು ನೋಡುವುದೂ ಒಂದು ಪೂಜೆಯಾಗಬಹುದೆಂಬ ಮಾತು ಮಾತ್ರ ಹಲವರಿಗೆ ವಿಚಿತ್ರವಾಗಿ ತೋರೀತು.

ಅದನ್ನು ವಿಚಿತ್ರವೆಂದು ಎಣಿಸದ ಒಂದು ನಾಡು ಪೂರ್ವದಲ್ಲಿದೆ. ಜಪಾನಿನ ಜನರು ವಸಂತಕಾಲದಲ್ಲಿ ಚೆರ್ರಿ ಹೂವುಗಳನ್ನು ನೋಡಲು ಗುಂಪುಗುಂಪಾಗಿ ಹೊರಡುತ್ತಾರೆಂಬುದು ಲೋಕಪ್ರಸಿದ್ಧ ಸಂಗತಿ. ಬೇಸಿಗೆಯಲ್ಲಿಯೂ ಅವರು ದೇವಾಲಯಗಳ ತೋಟಗಳಿಗೆ ಹೂ ನೋಡಲೆಂದೇ ಹೋಗುತ್ತಾರೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಕನ್ನಡ ನಾಡಿನ ಒಕ್ಕಲಿಗನು ಮಿರಗದ ಮಳೆಗಾಗಿ ಆಕಾಶವನ್ನು ದಿಟ್ಟಿಸುವ ಜೂನ್ ತಿಂಗಳ ಮೊದಲ ಭಾಗದಲ್ಲಿಯೇ ಜಪಾನಿನ ಬಹುಭಾಗದಲ್ಲಿಯೂ ಮಳೆಗಾಲ ಆರಂಭವಾಗುತ್ತದೆ. ಇಲ್ಲಿ ಮಳೆಗೆ ನಕ್ಷತ್ರದ ಹೆಸರು. ಅಲ್ಲಿ ಹಣ್ಣಿನ ಹೆಸರು. ಪ್ಲಮ್ ಹಣ್ಣು ಮಾಗುವ ಕಾಲದ ಮಳೆಯಾದುದರಿಂದ ಅದನ್ನು ಪ್ಲಮ್ ಮಳೆ ಎಂದೇ ಅವರ ಲಿಪಿಯಲ್ಲಿ ಬರೆಯುತ್ತಾರೆ. ಆ ಮಳೆಯಲ್ಲಿ ನೆನೆಯುತ್ತ ಅರಳುವ ಹೂವು ಅಜಿಸಾಯ್. ತೋಟಗಾರಿಕೆಯನ್ನು ಬಲ್ಲವರು ಇದನ್ನು ಹೈಡ್ರಾಂಜಿಯ ಎಂದು ಗುರುತಿಸುತ್ತಾರೆ. ಟೋಕಿಯೋ ನಗರಕ್ಕೆ ಸಮೀಪದ ಕಾಮಾಕುರ ಎಂಬ ಪ್ರಾಚೀನ ಪಟ್ಟಣದಲ್ಲಿರುವ ಮೇಗೆತ್ಸುಇನ್ ದೇವಾಲಯಕ್ಕೆ ಅಜಿಸಾಯ್ ದೇವಾಲಯವೆಂದೇ ಅಡ್ಡಹೆಸರು ಬಿದ್ದಿದೆ. ಕಲ್ಲಿನ ಮೆಟ್ಟಿಲುಗಳ ಎರಡೂ ಬದಿಗೆ ನೀಲಿಯ ಗೊಂಚಲುಗಳು ಬಾಗಿ ನಿಂತಿರುತ್ತವೆ. ಜನರು ಕೊಡೆ ಹಿಡಿದು, ಸಾಲುಗಟ್ಟಿ, ನಿಧಾನವಾಗಿ ಮೆಟ್ಟಿಲೇರಿ, ನೋಡಿ ಮರಳುತ್ತಾರೆ. ಹೂವು ಮಾತ್ರ ಗಿಡದಲ್ಲಿಯೇ ಉಳಿಯುತ್ತದೆ.

ಇದಕ್ಕಿಂತಲೂ ಮನಸ್ಸನ್ನು ಸೆಳೆಯುವ ದೃಶ್ಯವೊಂದು ಕ್ಯೋಟೋ ನಗರದಲ್ಲಿದೆ. ಅಲ್ಲಿ ಮ್ಯೋಷಿನ್‌ಜಿ ಎಂಬ, 14ನೆಯ ಶತಮಾನದಲ್ಲಿ ಸ್ಥಾಪಿತವಾದ ದೊಡ್ಡ ಜೆನ್ ವಿಹಾರವುಂಟು. ಅದರ ಆವರಣದಲ್ಲಿರುವ ಹಲವು ಸಣ್ಣ ದೇವಾಲಯಗಳಲ್ಲಿ ತೋರಿನ್‌ಇನ್ ಒಂದು. ವರ್ಷದ ಬಹುಕಾಲ ಅದರ ತೋಟ ಸಾಮಾನ್ಯ ಪ್ರವಾಸಿಗಳಿಗೆ ತೆರೆದಿರುವುದಿಲ್ಲ. ಜೂನ್ ತಿಂಗಳ ನಡುವಿನಲ್ಲಿ ಕೆಲವು ದಿನ, ಒಂದು ಹೂವಿನ ಸಲುವಾಗಿ, ಬಾಗಿಲು ತೆರೆಯುತ್ತದೆ. ಆ ಹೂವು ಬಿಳಿಯದು; ಐದು ಎಸಳಿನದು; ನಡುವೆ ಹಳದಿ ಕೇಸರಗಳ ಕುಚ್ಚು. ಬೆಳಿಗ್ಗೆ ಅರಳಿದ ಹೂವು ಅದೇ ದಿನ, ಬಾಡುವ ಮೊದಲೇ, ಇಡಿಯಾಗಿ ಕೆಳಗೆ ಬೀಳುತ್ತದೆ. ಕೆಳಗೆ ಹಸಿರು ಪಾಚಿಯ ಹಾಸು. ಬಂದವರು ಪಡಸಾಲೆಯ ಅಂಚಿನಲ್ಲಿ ಕಾಲು ಮಡಿಸಿ ಕುಳಿತು, ಆ ಹಸಿರಿನ ಮೇಲೆ ಚೆಲ್ಲಿದ ಬಿಳಿ ಹೂವುಗಳನ್ನು ನೋಡುತ್ತಾರೆ. ಅವರು ನೋಡಬಂದುದು ಮರದ ಮೇಲಿನ ಹೂವನ್ನಷ್ಟೇ ಅಲ್ಲ, ನೆಲಕ್ಕೆ ಬಿದ್ದ ಹೂವನ್ನು ಎಂಬುದೇ ಇಲ್ಲಿಯ ವಿಶೇಷ. ನೆಲಕ್ಕೆ ಬಿದ್ದುದು ಕಸವೆಂಬ ಭಾವನೆ ಅಲ್ಲಿ ಯಾರಿಗೂ ಬರುವುದಿಲ್ಲ. ಪೊರಕೆ ಆ ಹೊತ್ತಿನಲ್ಲಿ ಅತ್ತ ಸುಳಿಯುವುದಿಲ್ಲ.

ಈ ಹೂವಿಗೆ ಜಪಾನೀಯರು ಕೊಟ್ಟ ಹೆಸರಿನಲ್ಲಿ ಭಾರತದ ಕಥೆಯೊಂದು ಅಡಗಿದೆ. ಭಗವಾನ್ ಬುದ್ಧನು ಕುಶಿನಗರದಲ್ಲಿ ಎರಡು ಸಾಲವೃಕ್ಷಗಳ ನಡುವೆ ಮಲಗಿ ಪರಿನಿರ್ವಾಣವನ್ನು ಹೊಂದಿದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಆರನೆಯ ಶತಮಾನದಲ್ಲಿ ಬೌದ್ಧಧರ್ಮವು ಕೊರಿಯದ ಮೂಲಕ ಜಪಾನನ್ನು ಮುಟ್ಟಿತು. ಅದರೊಡನೆ ಸಾಲವೃಕ್ಷದ ಕಥೆಯೂ ಮುಟ್ಟಿತು. ಆದರೆ ಸಾಲವೃಕ್ಷ ಮುಟ್ಟಲಿಲ್ಲ. ಉಷ್ಣದೇಶದ ಆ ಮರಕ್ಕೆ ಜಪಾನಿನ ಚಳಿ ಒಗ್ಗುವುದಿಲ್ಲ. ಆಗ ಅಲ್ಲಿಯ ಜನ ಏನು ಮಾಡಿದರು? ತಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತಿದ್ದ, ಬೇಸಿಗೆಯ ಕಮೀಲಿಯ ಎಂಬ ಅರ್ಥದ ಹೆಸರಿದ್ದ ಮರವೊಂದನ್ನು ಆರಿಸಿಕೊಂಡರು. ಅದನ್ನೇ ಸಾಲವೃಕ್ಷವೆಂದು ಕರೆದು ದೇವಾಲಯಗಳ ಅಂಗಳದಲ್ಲಿ ನೆಟ್ಟರು. ಸಸ್ಯಶಾಸ್ತ್ರದ ದೃಷ್ಟಿಯಿಂದ ಎರಡಕ್ಕೂ ಯಾವ ನಂಟೂ ಇಲ್ಲ. ಆದರೂ ಒಂದೇ ದಿನ ಬಾಳಿ ಉದುರುವ ಆ ಬಿಳಿ ಹೂವಿನಲ್ಲಿ ಅವರು ಬುದ್ಧನ ಉಪದೇಶದ ಅನಿತ್ಯತೆಯನ್ನು ಕಂಡರು. ದೂರದ ಪವಿತ್ರ ವೃಕ್ಷ ದೊರೆಯಲಿಲ್ಲವೆಂದು ಕೊರಗದೆ, ಹತ್ತಿರದ ವೃಕ್ಷದಲ್ಲಿ ಪವಿತ್ರತೆಯನ್ನು ಗುರುತಿಸಿದ ಆ ವಿವೇಕ ದೊಡ್ಡದು. ಜಪಾನಿನಿಂದ ಕಲಿಯಬೇಕಾದುದೇನಾದರೂ ಇದ್ದರೆ ಅದು ಅವರ ಹೂವುಗಳಲ್ಲ, ಈ ವಿವೇಕ.

ಕ್ಯೋಟೋ ನಗರದಲ್ಲಿಯೇ ಇರುವ ಹೋಕೊಂಗೋಇನ್ ಎಂಬ ಮತ್ತೊಂದು ದೇವಾಲಯ ತಾವರೆಗೆ ಹೆಸರಾದುದು. 1130ರಲ್ಲಿ ಜಪಾನಿನ ರಾಣಿಯೊಬ್ಬಳು ಅದನ್ನು ಪುನಃ ಸ್ಥಾಪಿಸಿ, ಕೊಳವನ್ನೂ ಜಲಪಾತವನ್ನೂ ಒಳಗೊಂಡ ತೋಟವನ್ನು ಮಾಡಿಸಿದಳು. ತಾವರೆಯು ಬೆಳಗಿನ ಜಾವದಲ್ಲಿ ಬಿರಿದು ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವ ಹೂವು. ಹೀಗೆ ಮೂರು ದಿನ ಬಿರಿದು ಮುಚ್ಚಿ, ನಾಲ್ಕನೆಯ ದಿನ ಎಸಳುಗಳನ್ನು ಉದುರಿಸುತ್ತದೆ. ಆದುದರಿಂದ ಜುಲೈ ತಿಂಗಳಿನ ತಾವರೆಯ ಕಾಲದಲ್ಲಿ ದೇವಾಲಯದ ಬಾಗಿಲನ್ನು ಬೆಳಿಗ್ಗೆ ಬೇಗನೆ ತೆರೆಯುವ ಪದ್ಧತಿ ಅಲ್ಲಿದೆ. ಮನುಷ್ಯನ ಅನುಕೂಲಕ್ಕೆ ಹೂವನ್ನು ಬಗ್ಗಿಸದೆ, ಹೂವಿನ ವೇಳೆಗೆ ಮನುಷ್ಯನೇ ಏಳಬೇಕೆಂಬ ಕಟ್ಟಳೆ ಅದು.

ಅದೇ ಹನ್ನೆರಡನೆಯ ಶತಮಾನದಲ್ಲಿ, ವಿಜಯಪುರಕ್ಕೆ ಉತ್ತರದ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಶಿವಯೋಗಿ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದನು, ಗುಡಿಗಳನ್ನು ಎಬ್ಬಿಸಿದನು. ಆ ಕೆರೆಯ ನಡುವೆ ಇಂದಿಗೂ ಸಿದ್ಧೇಶ್ವರನ ಗುಡಿ ಇದೆ. ಸೊಲ್ಲಾಪುರದಲ್ಲಿಯೂ ವಿಜಯಪುರದಲ್ಲಿಯೂ ಸಿದ್ಧೇಶ್ವರನ ಜಾತ್ರೆ ಮಕರ ಸಂಕ್ರಮಣದ ಕಾಲಕ್ಕೇ ನೆರೆಯುತ್ತದೆ. ಕೆರೆಯಿಲ್ಲದೆ ಗುಡಿಯಿಲ್ಲ, ಮರವಿಲ್ಲದೆ ಕಟ್ಟೆಯಿಲ್ಲ ಎಂಬ ತಿಳಿವಳಿಕೆ ಆ ಕಾಲದ ಜನರಿಗೆ ಇತ್ತು. ಹೂವನ್ನು ಅರಸಿ ಹೋಗುವುದು ಪರದೇಶದ ಚಪಲ, ಇಲ್ಲಿಯ ಮಣ್ಣಿಗೆ ಸಲ್ಲದು ಎಂದು ಆಕ್ಷೇಪಿಸುವವರು ಇದನ್ನು ನೆನೆಯಬೇಕು.

ಅಷ್ಟೇಕೆ, ವಿಜಯಪುರದ ಹೆಸರಾಂತ ಕಟ್ಟಡಗಳೇ ಹೂವಿನ ಸಾಕ್ಷಿ ನುಡಿಯುತ್ತವೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿಗೆ ಇಬ್ರಾಹಿಂ ರೋಜಾ ಎಂದು ಹೆಸರು. ಅರಬ್ಬಿ ಭಾಷೆಯಲ್ಲಿ ರೋಜಾ ಎಂಬುದಕ್ಕೆ ಮೂಲ ಅರ್ಥವೇ ತೋಟ. ಎತ್ತರದ ಒಂದೇ ಜಗಲಿಯ ಮೇಲೆ ಸಮಾಧಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ನಡುವೆ ಕಾರಂಜಿಯ ಕೊಳ, ಸುತ್ತ ಗೋಡೆಯೊಳಗಿನ ತೋಟ. 1656ರಲ್ಲಿ ಮುಗಿದ ಗೋಳಗುಮ್ಮಟದ ಗುಮ್ಮಟವಾದರೂ ಬರಿಯ ಅರ್ಧಗೋಳವಲ್ಲ. ಅದರ ಬುಡವನ್ನು ಕಲ್ಲಿನ ಎಸಳುಗಳು ಸುತ್ತುವರಿದಿವೆ. ಬಿರಿದ ತಾವರೆಯೊಳಗಿಂದ ಗುಮ್ಮಟ ಎದ್ದಂತೆ ತೋರಲೆಂದು ಆದಿಲ್‌ಶಾಹಿಯ ಶಿಲ್ಪಿಗಳು ಮಾಡಿದ ಯೋಜನೆ ಅದು. ಗುಮ್ಮಟದ ಒಳಗೆ ಕೂಗಿ ಮಾರ್ದನಿಯನ್ನು ಎಣಿಸುವ ವಿದ್ಯಾರ್ಥಿಗಳು ನೂರಾರು ಮಂದಿ. ಹೊರಗೆ ನಿಂತು ಆ ಎಸಳುಗಳನ್ನು ಗಮನಿಸುವವರು ನಾಲ್ಕಾರು ಮಂದಿ ಇದ್ದರೆ ಹೆಚ್ಚು.

ನೆರೆಯ ಕೇರಳದಲ್ಲಿ ವಿಷು ಹಬ್ಬದ ಬೆಳಿಗ್ಗೆ ಕಣ್ಣು ತೆರೆದೊಡನೆ ಕಾಣಬೇಕಾದ ಮಂಗಳವಸ್ತುಗಳಲ್ಲಿ ಕಕ್ಕೆಯ ಹಳದಿ ಹೂವು ಮುಖ್ಯವಾದುದು. ಅದಕ್ಕೆ ಕಣಿ ಎಂದು ಹೆಸರು. ಕಣಿ ಎಂದರೆ ಕಾಣುವುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಯುಗಾದಿಯ ದಿನ ಬೇವಿನ ಹೂವನ್ನು ಬೆಲ್ಲದೊಡನೆ ಕಲಸಿ ಸವಿಯುತ್ತಾರೆ. ಹೊಸ ವರ್ಷವನ್ನು ಹೂವಿನ ಮೂಲಕ ಎದುರುಗೊಳ್ಳುವ ರೂಢಿ ಹೀಗೆ ಇಲ್ಲಿಯೇ ಇದೆ. ಬೇವಿನ ಹೂವು ನೋಟಕ್ಕೆ ಅಕ್ಕಿಯ ನುಚ್ಚಿನಷ್ಟು ಕಿರಿದು. ರಾತ್ರಿಯ ಗಾಳಿಯಲ್ಲಿ ಅದರ ಜೇನುಗಂಪು ಓಣಿಯನ್ನೆಲ್ಲ ತುಂಬಿದರೂ, ಅದು ಎಲ್ಲಿಂದ ಬಂದಿತೆಂದು ತಲೆಯೆತ್ತಿ ನೋಡುವವರು ಕಡಿಮೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ತೂಕವುಳ್ಳದ್ದು. ಹೂ ಕೀಳದೆ ನೋಡುತ್ತ ನಿಂತರೆ ಹೂವಾಡಿಗರ ಬದುಕು ಏನಾದೀತು? ಬೆಳಗಿನ ಕತ್ತಲೆಯಲ್ಲಿ ಹೊಲಕ್ಕೆ ಇಳಿದು ಮೊಗ್ಗು ಬಿಡಿಸುವವರೂ, ಬುಟ್ಟಿ ಹೊತ್ತು ಪೇಟೆಗೆ ಬರುವವರೂ, ಕಣ್ಣು ಬೇರೆಡೆಗಿದ್ದರೂ ಬೆರಳು ತಪ್ಪದಂತೆ ನಾರಿನಲ್ಲಿ ಗಂಟಿಕ್ಕುವವರೂ ಈ ವೃತ್ತಿಯಿಂದಲೇ ಅನ್ನ ಉಣ್ಣುತ್ತಾರೆ. ಅವರ ಕೈಯ ಕೌಶಲ ಯಾವ ಕಲೆಗೂ ಕಡಿಮೆಯದಲ್ಲ. ಅವರ ಬುಟ್ಟಿಯನ್ನು ಬರಿದು ಮಾಡುವ ರಸಿಕತೆ ರಸಿಕತೆಯಲ್ಲ. ಆದರೆ ನೋಡುವುದಕ್ಕೂ ಕೊಳ್ಳುವುದಕ್ಕೂ ಜಗಳವೇನಿದೆ? ಜಪಾನಿನಲ್ಲಿಯೂ ಬುದ್ಧನ ಮುಂದೆ ಹೂವನ್ನು ಕತ್ತರಿಸಿ ಇಡುವ ಪದ್ಧತಿಯಿದೆ. ಹೂ ಜೋಡಿಸುವ ಅವರ ಪ್ರಸಿದ್ಧ ಕಲೆ ಇಕೆಬಾನ ಹುಟ್ಟಿದ್ದು ಆ ಅರ್ಪಣೆಯಿಂದಲೇ. ಮಾರಲೆಂದು ಬೆಳೆದ ಹೂವು ಮಾರಾಟವಾಗಲಿ. ಯಾರೂ ಮಾರದ, ಯಾರೂ ಕೊಳ್ಳದ ಹೂವುಗಳ ಕಡೆಗೆ ಕಣ್ಣು ಹೊರಳಬೇಕೆಂಬುದಷ್ಟೇ ಇಲ್ಲಿಯ ಮಾತು.

ಅಂಥ ಹೂವುಗಳು ವಿಜಯಪುರದಲ್ಲಿ ಬೇಸಿಗೆಯಲ್ಲಿಯೇ ಹೆಚ್ಚು. ಹೊರಗಿನಿಂದ ಬಂದವರಿಗೆ ಈ ಊರಿನ ಬೇಸಿಗೆ ಧೂಳು ಮತ್ತು ಧಗೆಯಾಗಿ ಮಾತ್ರ ಕಾಣುತ್ತದೆ. ಮರಗಳ ಪಾಲಿಗಾದರೋ ಅದೇ ಸಡಗರದ ಕಾಲ. ಒಣ ಸೀಮೆಯ ಅನೇಕ ಮರಗಳು ನೀರು ಉಳಿಸಿಕೊಳ್ಳಲು ಎಲೆಗಳನ್ನು ಉದುರಿಸುತ್ತವೆ. ಆ ಬರಿಗೊಂಬೆಗಳ ಮೇಲೆ ಹೂವು ಬಿಟ್ಟಾಗ ಜೇನ್ನೊಣಗಳಿಗೆ ಅದು ದೂರದಿಂದಲೇ ಕಾಣುತ್ತದೆ. ಬೇವು ಬೇಸಿಗೆಯ ಮೊದಲಿಗೇ ಹೂವಾಗುವುದಕ್ಕೂ ಕಾರಣವುಂಟು. ಅದರ ಬೀಜ ಬಹಳ ದಿನ ಜೀವ ಹಿಡಿದು ಇರಲಾರದು. ಮಳೆಯ ಹೊತ್ತಿಗೆ ಹಣ್ಣು ಮಾಗಿ ಉದುರಿದರೆ ಹಸಿಯಾದ ನೆಲ ಅದನ್ನು ಒಡನೆಯೇ ಸ್ವೀಕರಿಸುತ್ತದೆ. ಹೊಂಗೆಯ ಕೆಳಗೆ ಬಿಳುಪು ನೇರಳೆ ಬೆರೆತ ಹೂವುಗಳು ಚುರುಮುರಿ ಚೆಲ್ಲಿದಂತೆ ಬಿದ್ದಿರುತ್ತವೆ. ಕಕ್ಕೆಯ ಗೊಂಚಲುಗಳು ದೀಪಮಾಲೆಗಳಂತೆ ಜೋತಾಡುತ್ತವೆ. ಮಡಗಾಸ್ಕರ್ ದ್ವೀಪದಿಂದ ಬಂದು ಇಲ್ಲಿಯವನೇ ಆಗಿಹೋದ ಗುಲ್‌ಮೊಹರ್ ಉರಿಯ ಬಣ್ಣದ ಕೊಡೆ ಬಿಚ್ಚಿ ನಿಲ್ಲುತ್ತದೆ. ಅದರ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದಾಡುವ ಆಟವನ್ನು ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೂವಿನ ತಾಣ ಬೇಕೆಂದೊಡನೆ ಜಪಾನಿನ ಗಿಡಗಳನ್ನೇ ತರಿಸಿ ನೆಡುವ ಉತ್ಸಾಹ ಕೆಲವರಿಗೆ ಮೂಡೀತು. ಅದು ಸಲ್ಲದು. ಅಜಿಸಾಯ್ ಹೂವು ಹುಳಿಯ ಅಂಶವುಳ್ಳ ಮಣ್ಣಿನಲ್ಲಿ, ಅಲ್ಯೂಮಿನಿಯಂ ಅಂಶವನ್ನು ಹೀರಿ, ನೀಲಿಯಾಗುತ್ತದೆ. ಕ್ಷಾರಗುಣದ ಮಣ್ಣಿನಲ್ಲಿ ನಸುಗೆಂಪಾಗುತ್ತದೆ. ವಿಜಯಪುರದ ಎರೆಮಣ್ಣು ಸುಣ್ಣ ಬೆರೆತ ಕ್ಷಾರದ ಮಣ್ಣು. ಕ್ಯೋಟೋದಲ್ಲಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಮಳೆ ಬೀಳುತ್ತದೆ. ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್. ಪಾಚಿಯ ಹಾಸನ್ನೂ ಮಳೆಯ ಹೂವನ್ನೂ ಇಲ್ಲಿ ಬೆಳೆಸಹೊರಟರೆ ಮನುಷ್ಯರ ಕುಡಿಯುವ ನೀರನ್ನು ಅದಕ್ಕೆ ಸುರಿಯಬೇಕಾದೀತು. 1620ರ ತಾಜ್ ಬಾವಡಿಯನ್ನೂ, 1651ರ ಬೇಗಂ ತಲಾಬನ್ನೂ, ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದ ವ್ಯವಸ್ಥೆಯನ್ನೂ ನಿರ್ಮಿಸಿದ ಹಿರಿಯರಿಗೆ ನೀರಿನ ಬೆಲೆ ಗೊತ್ತಿತ್ತು. ಬೇವು, ಹೊಂಗೆ, ಕಕ್ಕೆಗಳು ಬೇರೂರುವವರೆಗೆ ನಾಲ್ಕಾರು ಕೊಡ ನೀರು ಕೇಳುತ್ತವೆ; ಬೇರು ಆಳಕ್ಕಿಳಿದ ಮೇಲೆ ತಮ್ಮ ನೀರನ್ನು ತಾವೇ ಹುಡುಕಿಕೊಳ್ಳುತ್ತವೆ.

ಇಲ್ಲಿ ಪ್ರಶ್ನೆ ಕೇವಲ ಸೌಂದರ್ಯದ್ದಲ್ಲ. ವಿಜಯಪುರ ಜಿಲ್ಲೆಯ ವಿಸ್ತೀರ್ಣದಲ್ಲಿ ಅರಣ್ಯದ ಪಾಲು ಶೇಕಡಾ ಒಂದಕ್ಕೂ ಕಡಿಮೆ. ಉಳಿದಿರುವ ನೆರಳೆಲ್ಲವೂ ರಸ್ತೆಯ ಬದಿಯದು, ಹೊಲದ ಬದುವಿನದು, ಗುಡಿ ದರ್ಗಾಗಳ ಅಂಗಳದ್ದು. ಹಾದಿ ಅಗಲವಾಗಬೇಕಾದಾಗ ಮೊದಲು ಉರುಳುವುದು ಮರ. ವಿದ್ಯುತ್ ತಂತಿಗೆ ದಾರಿ ಬೇಕಾದಾಗ ಕೊಂಬೆ ಕಳೆದುಕೊಳ್ಳುವುದು ಮರ. ಅಂಗಡಿಯ ಫಲಕ ಚೆನ್ನಾಗಿ ಕಾಣಬೇಕಾದಾಗಲೂ ಅಪರಾಧಿ ಮರವೇ. ಇದನ್ನು ಕಂಡು ಮರುಗಿದವರು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2016ರಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನದಿಂದ ಜಿಲ್ಲೆಯಲ್ಲಿ ಬಹುಸಂಖ್ಯೆಯ ಸಸಿಗಳು ನೆಲ ಕಂಡಿವೆ. ಆದರೆ ಎಲ್ಲ ಊರುಗಳಲ್ಲಿಯೂ ಸಸಿ ನೆಡುವ ಉತ್ಸಾಹ ಮಳೆಗಾಲದ ಒಂದು ದಿನಕ್ಕೆ ಮುಗಿಯುವುದುಂಟು. ಅಂದು ಗುಂಡಿಯ ಸುತ್ತ ಹತ್ತು ಕೈಗಳು, ಒಂದು ಭಾವಚಿತ್ರ. ಮುಂದಿನ ಏಪ್ರಿಲ್ ತಿಂಗಳಲ್ಲಿ ಆ ಸಸಿ ಇದೆಯೇ ಇಲ್ಲವೇ ಎಂದು ನೋಡಲು ಬರುವ ಕಾಲುಗಳು ಎಷ್ಟು? ನೆಡುವುದು ಒಂದು ದಿನದ ಕೆಲಸ. ನೋಡುವುದು ಪ್ರತಿವರ್ಷದ ಕೆಲಸ. ವರ್ಷಕ್ಕೊಮ್ಮೆ ಜನ ಸೇರಿ ಹೂ ನೋಡುವ ಮರವನ್ನು ಕಡಿಯಲು ಬರುವವನಿಗೆ, ಕೊಡಲಿ ಎತ್ತುವ ಮೊದಲು ಹತ್ತು ಜನರಿಗೆ ಉತ್ತರ ಹೇಳಬೇಕಾಗುತ್ತದೆ. ಯಾರೂ ನೋಡದ ಮರವನ್ನು ಯಾರನ್ನೂ ಕೇಳದೆ ಕಡಿಯಬಹುದು. ತೋರಿನ್‌ಇನ್‌ನ ಅಂಗಳದ ಮರಕ್ಕೆ ದೊರೆಯುವ ರಕ್ಷಣೆ ಬೇಲಿಯದಲ್ಲ, ಕಣ್ಣುಗಳದು.

ಜಪಾನಿನಲ್ಲಿ ಎಲ್ಲವೂ ಆದರ್ಶವೆಂದು ಭಾವಿಸುವುದೂ ತಪ್ಪಾದೀತು. ಹೂವಿನ ಕಾಲದಲ್ಲಿ ಕಾಮಾಕುರದ ದೇವಾಲಯಗಳ ಮುಂದೆ ದೀರ್ಘವಾದ ಸಾಲುಗಳು ನಿಲ್ಲುತ್ತವೆ; ಬಂದವರಲ್ಲಿ ಹಲವರು ಕಣ್ಣಿಗಿಂತ ಮೊದಲು ಕ್ಯಾಮರವನ್ನು ಎತ್ತುತ್ತಾರೆ. ಬಡವನಿಗೆ ಹೂ ನೋಡುತ್ತ ಕೂರುವ ಬಿಡುವೆಲ್ಲಿ ಎಂಬ ಮಾತು ಎರಡು ದೇಶಗಳಿಗೂ ಅನ್ವಯಿಸುತ್ತದೆ. ಆದರೆ ಬೇವಿನ ಮರ ಪ್ರವೇಶಧನ ಕೇಳುವುದಿಲ್ಲ. ದೂರ ಪ್ರಯಾಣವನ್ನೂ ಬೇಡುವುದಿಲ್ಲ. ಬಾಗಲಕೋಟೆಯ ಹಾದಿಯಲ್ಲಿರಲಿ, ತಿಕೋಟದ ಓಣಿಯಲ್ಲಿರಲಿ, ಬಬಲೇಶ್ವರದ ಹೊಲದ ಬದುವಿನಲ್ಲಿರಲಿ, ದುಡಿಯಲು ಹೋಗುವವನ ದಾರಿಯಲ್ಲಿಯೇ ಅದು ನಿಂತಿರುತ್ತದೆ.

ಗಾಂಧಿ ಚೌಕದಿಂದ ಪೂರ್ವಕ್ಕೆ ನಡೆದರೆ ಗೋಳಗುಮ್ಮಟದ ಉದ್ಯಾನ. ಪಶ್ಚಿಮಕ್ಕೆ ನಡೆದರೆ ಇಬ್ರಾಹಿಂ ರೋಜಾದ ತೋಟ. ಮೇ ತಿಂಗಳ ರಜೆಯ ಒಂದು ಬೆಳಿಗ್ಗೆ, ಬಿಸಿಲೇರುವ ಮುನ್ನ, ಶಾಲೆಯ ಹತ್ತು ಮಕ್ಕಳು ಒಬ್ಬ ಗುರುಗಳೊಡನೆ ಈ ಹಾದಿಯಲ್ಲಿ ನಡೆದು, ಎದುರಾದ ಮರಗಳ ಹೆಸರನ್ನೂ ಹೂವಿನ ಕಾಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಖರ್ಚೇನೂ ಇಲ್ಲ. ಮರುವರ್ಷ ಬೇರೆ ಹತ್ತು ಮಕ್ಕಳು ಅದೇ ಪುಸ್ತಕ ಹಿಡಿದು ಹೊರಟಾಗ, ಯಾವ ಮರ ಹೂ ಬಿಟ್ಟಿದೆ, ಯಾವುದು ತಡವಾಗಿದೆ, ಯಾವುದು ಕಾಣೆಯಾಗಿದೆ ಎಂಬುದು ತಿಳಿಯುತ್ತದೆ. ಗುಡಿಯ ಅರ್ಚಕರು ಅಂಗಳದ ಮರ ಹೂವಾದ ವಾರವನ್ನು ಬಾಗಿಲಿನ ಹಲಗೆಯ ಮೇಲೆ ಬರೆಯಬಹುದು. ಅಂಗಳ ಗುಡಿಸುವವರು ಆ ಒಂದು ವಾರ ಹೊಂಗೆಯ ಕೆಳಗಿನ ನೆಲವನ್ನು ಮಧ್ಯಾಹ್ನದವರೆಗೆ ಹಾಗೆಯೇ ಬಿಡಬಹುದು.

ಜೂನ್ ತಿಂಗಳ ಮೊದಲ ವಾರದಲ್ಲಿ ಮಿರಗದ ಮೋಡ ಕಟ್ಟುತ್ತದೆ. ಮೊದಲ ಮಳೆಗೆ ಗುಲ್‌ಮೊಹರಿನ ಕೊನೆಯ ಎಸಳುಗಳು ಉದುರಿ ಡಾಂಬರಿನ ರಸ್ತೆಗೆ ಅಂಟಿಕೊಳ್ಳುತ್ತವೆ. ಬೇವಿನ ಕೆಳಗೆ ಹಳದಿ ಹಣ್ಣುಗಳು ಬೀಳಲಾರಂಭಿಸುತ್ತವೆ. ಶಾಲೆಗಳು ಆಗಲೇ ತೆರೆದಿರುತ್ತವೆ. ಕೆಲವೇ ದಿನಗಳಲ್ಲಿ, ಸಾವಿರಾರು ಮೈಲಿ ದೂರದ ಕ್ಯೋಟೋದಲ್ಲಿ, ಸಣ್ಣ ದೇವಾಲಯವೊಂದರ ಬಾಗಿಲು ತೆರೆಯುತ್ತದೆ. ಮೊದಲ ಬಿಳಿ ಹೂವು ಪಾಚಿಯ ಮೇಲೆ ಬೀಳುತ್ತದೆ.